ನನ್ನ ಮನೆ, ತಮ್ಮನ ಮನೆ: ಕಟ್ಟಡದ ಗಟ್ಟಿತನ ನೋಡುವ ಬಗೆ

ಇಪ್ಪತ್ತಾರು ವರ್ಷ ಸಂಬಳ ಪಡೆದು ನಾನು ಮಾಡಿದ ಕೆಲಸ ಕಾಂಕ್ರೀಟ್ ಒಡೆಯುವುದು. ಮೈಸೂರಿನ ಪಾಲಿಟೆಕ್ನಿಕ್ ಒಂದರ ಸಿವಿಲ್ ಪ್ರಯೋಗಾಲಯದಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಹೊರಗಿನವರು ಶುಲ್ಕ ಕಟ್ಟಿ ತಂದ ಕ್ಯೂಬುಗಳನ್ನು, ಅಂದರೆ ಸೈಟಿನ ಕಾಂಕ್ರೀಟನ್ನು ಅಚ್ಚಿಗೆ ತುಂಬಿ ಮಾಡಿದ ಚೌಕ ಗಟ್ಟಿಗಳನ್ನು, ಯಂತ್ರದ ಎರಡು ಉಕ್ಕಿನ ಹಲಗೆಗಳ ನಡುವೆ ಇಟ್ಟು, ಎಷ್ಟು ಭಾರಕ್ಕೆ ಸಿಡಿಯುತ್ತವೆ ಎಂದು ನೋಡಿ ಬರೆದುಕೊಡುತ್ತಿದ್ದೆ. ಬಿಲ್ಡರ್‌ಗಳ ಕಡೆಯ ಹುಡುಗರು ವಾರಕ್ಕೆ ಎರಡು ಸಲ ಆಟೊದಲ್ಲಿ ಕ್ಯೂಬು ಹೇರಿಕೊಂಡು ಬರುತ್ತಿದ್ದರು. ಕಟ್ಟಿಸುತ್ತಿರುವ ಮನೆಯ ಕ್ಯೂಬನ್ನು ತಾವೇ ಹೊತ್ತು ತಂದ ಮನೆಯೊಡೆಯರನ್ನು ಎಣಿಸಲು ಎರಡು ಕೈಯ ಬೆರಳು ಹೆಚ್ಚಾದಾವು.

ನಿವೃತ್ತಿಯಾದ ಮೇಲೆ ನೆಂಟರಿಷ್ಟರಿಗೆ ನಾನು ಪುಕ್ಕಟೆ ಎಂಜಿನಿಯರ್. ಮದುವೆ ಮನೆಯಲ್ಲಿ ಎಲೆ ಹಾಕುವ ಮೊದಲೇ ಯಾರಾದರೂ ಪಕ್ಕಕ್ಕೆ ಬಂದು ಕುಳಿತು ಕೇಳುತ್ತಾರೆ: "ಬಿಲ್ಡರ್ ಕಟ್ಟಿದ ಮನೆ ಗಟ್ಟಿಯೋ, ನಾವೇ ನಿಂತು ಕಟ್ಟಿಸಿದ್ದು ಗಟ್ಟಿಯೋ?" ಹೌದು, ಇಲ್ಲ ಎಂದು ಉತ್ತರಿಸುವ ಪ್ರಶ್ನೆಯಲ್ಲ ಇದು. ಆದರೂ ನನ್ನ ಬಳಿ ಎರಡು ಉದಾಹರಣೆ ಇವೆ. ನಾನು 2014ರಲ್ಲಿ ಮೈಸೂರಿನ ವಿಜಯನಗರದಲ್ಲಿ 30×40 ಸೈಟಿನ ಮೇಲೆ ಹದಿನಾರು ಚದರದ ಮನೆ ಕಟ್ಟಿಸಿದೆ. ಮೇಸ್ತ್ರಿಗೆ ಕೂಲಿ ಗುತ್ತಿಗೆ ಮಾತ್ರ, ಸಾಮಾನು ನನ್ನದು. ನನ್ನ ತಮ್ಮ 2021ರ ನವೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರದ ಆಚೆ ಒಂದು ವಿಲ್ಲಾ ಕೊಂಡ. ಸುತ್ತ ಗೋಡೆ, ಗೇಟಿನಲ್ಲಿ ಕಾವಲುಗಾರ, ಒಳಗೆ ಒಂದೇ ನಕ್ಷೆಯ 64 ಮನೆಗಳು. ಎರಡನ್ನೂ ಮಳೆಗಾಲ, ಬೇಸಿಗೆ ಎನ್ನದೆ ತಡವಿ ನೋಡಿದ್ದೇನೆ.

ನಾನು ಕಂಡುಕೊಂಡದ್ದು ಇಷ್ಟು. ತಮ್ಮನ ಬಡಾವಣೆಯಲ್ಲಿ ಒಂದು ತಪ್ಪು ಆದರೆ ಅದು 64 ಸಲ ಆಗುತ್ತದೆ. ಒಂದು ಕೆಲಸ ಸರಿಯಾದರೆ ಅದೂ 64 ಸಲ. ನನ್ನ ಮನೆಯ ತಪ್ಪಿಗೆ ಜೋಡಿಯಿಲ್ಲ. ಅದು ಯಾವುದೋ ಒಂದು ಮಧ್ಯಾಹ್ನ ಆದದ್ದು, ಆ ಮಧ್ಯಾಹ್ನ ನಾನು ಅಲ್ಲಿದ್ದೆನೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಬಿಲ್ಡರ್ ಮನೆಯ ದೋಷವನ್ನು ಪಕ್ಕದ ಮನೆಯಲ್ಲಿ ಹುಡುಕಬೇಕು, ಸ್ವಂತ ಕಟ್ಟಿಸಿದ ಮನೆಯ ದೋಷವನ್ನು ದಿನಚರಿಯಲ್ಲಿ ಹುಡುಕಬೇಕು. ಹೇಗೆ ಎಂಬುದನ್ನು ಒಂದೊಂದಾಗಿ ಬರೆಯುತ್ತೇನೆ.

ಕ್ಯೂಬು ಹೇಳುವುದು, ಹೇಳದೆ ಬಿಡುವುದು

ಬಿಲ್ಡರ್ ಕಚೇರಿಯಲ್ಲಿ ಗುಣಮಟ್ಟದ ಮಾತೆತ್ತಿದರೆ ಮೊದಲು ಹೊರಬರುವುದು ಕ್ಯೂಬ್ ಟೆಸ್ಟ್ ವರದಿಗಳ ದಪ್ಪ ಕಡತ. ನೋಡಿ, ಆದರೆ ಓದಲು ಕಲಿತು ನೋಡಿ. ಕ್ಯೂಬಿನ ಒಂದು ಬದಿ 150 ಮಿಲಿಮೀಟರ್. ಅಂದರೆ ಭಾರ ಬೀಳುವ ಮುಖ 22,500 ಚದರ ಮಿಲಿಮೀಟರ್. ಎಂ-20 ದರ್ಜೆಯ ಕಾಂಕ್ರೀಟ್ 28ನೇ ದಿನ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕು. ಗುಣಿಸಿದರೆ 450 ಕಿಲೋನ್ಯೂಟನ್, ಹತ್ತಿರ ಹತ್ತಿರ 45 ಟನ್. ಅದಕ್ಕಿಂತ ಮೊದಲೇ ಸಿಡಿದರೆ ಆ ಕ್ಯೂಬು ಸೋತಂತೆ. ವರದಿಯಲ್ಲಿ ಕಾಂಕ್ರೀಟ್ ಹಾಕಿದ ತಾರೀಕು, ಯಾವ ಮನೆಯ ಯಾವ ಅಂತಸ್ತು, ಪರೀಕ್ಷೆಯ ತಾರೀಕು, ಮೂರು ಕ್ಯೂಬಿನ ಮೂರು ಬೇರೆ ಬೇರೆ ಅಂಕಿ ಇರಬೇಕು. ಮೂರರ ಸರಾಸರಿಯಿಂದ ಯಾವುದೇ ಒಂದು ಶೇ 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಹಾಗೆಂದು ಕಡತದ ತುಂಬ ಎಲ್ಲ ಅಂಕಿಗಳೂ ಅವಳಿ ಜವಳಿಯಂತೆ ಒಂದೇ ಆಗಿದ್ದರೂ ನನಗೆ ಅನುಮಾನ. ಕೈಯಿಂದ ಮಾಡಿದ ವಸ್ತು ಅಷ್ಟು ಶಿಸ್ತಾಗಿರುವುದಿಲ್ಲ.

ಒಮ್ಮೆ ಒಬ್ಬ ಹುಡುಗ ಮೂರು ಬೇರೆ ಬೇರೆ ದಿನಗಳದ್ದೆಂದು ಹೇಳಿ ಒಂಬತ್ತು ಕ್ಯೂಬು ತಂದ. ಎತ್ತಿ ಇಡುವಾಗ ತಾರೀಕು ಬರೆದ ಶಾಯಿ ನನ್ನ ಬೆರಳಿಗೆ ಅಂಟಿತು. ಮೂರೂ ತಾರೀಕಿನ ಶಾಯಿ. ಅವನು ನೆಲ ನೋಡಿದ, ನಾನು ಕ್ಯೂಬು ನೋಡಿದೆ. ಒಂಬತ್ತೂ ಚೆನ್ನಾಗಿಯೇ ಪಾಸಾದವು, ಅದು ಬೇರೆ ಮಾತು. ಅವನ ಸೈಟಿನ ಮೋಲ್ಡಿಗೆ, ಅಂದರೆ ತಾರಸಿಯ ಹಾಸಿಗೆ, ಹೋದ ಕಾಂಕ್ರೀಟ್ ಹೇಗಿತ್ತೆಂದು ಮಾತ್ರ ಆ ಒಂಬತ್ತರಲ್ಲಿ ಒಂದೂ ಹೇಳಲಾರದು. ವರದಿ ಎಂಬುದು ಕ್ಯೂಬಿನ ಜಾತಕ, ತಾರಸಿಯದಲ್ಲ.

ಇಷ್ಟಾದರೂ ಬಿಲ್ಡರ್ ಬಳಿ ತೋರಿಸಲು ಕಡತವಾದರೂ ಇರುತ್ತದೆ. ಸ್ವಂತ ಮನೆ ಕಟ್ಟಿಸುವವರ ಬಳಿ ಅದೂ ಇಲ್ಲ. ನಾನು ಹೇಳುವುದನ್ನು ನೀವು ಮಾಡಬಹುದು, ಕಷ್ಟವೇನಿಲ್ಲ. ಹತ್ತಿರದ ಎಂಜಿನಿಯರಿಂಗ್ ಕಾಲೇಜು ಅಥವಾ ಪಾಲಿಟೆಕ್ನಿಕ್ ಪ್ರಯೋಗಾಲಯದಲ್ಲಿ ಮೊದಲೇ ಮಾತಾಡಿ ಆರು ಅಚ್ಚು ತಂದಿಟ್ಟುಕೊಳ್ಳಿ. ಮೋಲ್ಡ್ ಹಾಕುವ ದಿನ, ಬೆಳಗಿನ ಮೊದಲ ಮಿಶ್ರಣದಿಂದ ಬೇಡ, ಎಲ್ಲರೂ ದಣಿದಿರುವ ಮಧ್ಯಾಹ್ನ ಮೂರರ ಮಿಶ್ರಣದಿಂದ ತುಂಬಿಸಿ. ಮರುದಿನ ಅಚ್ಚು ಬಿಚ್ಚಿ ಕ್ಯೂಬುಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡಿ. ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಒಡೆಸಿ. ಏಳನೇ ದಿನ ಮೂರನೆಯ ಎರಡು ಭಾಗದಷ್ಟು ಬಲ ಬಂದಿದ್ದರೆ ರಾತ್ರಿ ನಿದ್ದೆ ಮಾಡಬಹುದು.

ಮೋಲ್ಡ್ ಹಾಕುವ ದಿನ

ಮನೆಯ ಆಯುಸ್ಸು ಬಹುಪಾಲು ನಿರ್ಧಾರವಾಗುವುದು ಈ ದಿನ, ಅದರಲ್ಲೂ ನೀರಿನ ಬಕೆಟಿನಲ್ಲಿ. ಸಿಮೆಂಟ್ ಒಂದು ಪಾಲು, ಮರಳು ಒಂದೂವರೆ, ಜಲ್ಲಿ ಮೂರು ಎಂದು ಅಳತೆಯ ಮೇಲೆ ಕಲಸುವ ಎಂ-20 ಕಾಂಕ್ರೀಟಿಗೆ 50 ಕಿಲೋದ ಒಂದು ಮೂಟೆಗೆ ನೀರು 30 ಲೀಟರ್ ಮೀರಬಾರದು. ಮರಳು ಒದ್ದೆಯಿದ್ದರೆ ಅದಕ್ಕಿಂತಲೂ ಕಡಿಮೆ. ಇಡ್ಲಿ ಹಿಟ್ಟಿನ ಹದ ಇರಬೇಕಾದ ಕಡೆ ನೀರುದೋಸೆ ಹಿಟ್ಟಿನ ಹದ ಮಾಡುವುದು ನಮ್ಮ ಕಡೆಯ ವಾಡಿಕೆ, ಏಕೆಂದರೆ ತೆಳ್ಳಗಿದ್ದರೆ ಬಾಂಡ್ಲಿಯಿಂದ ಬೇಗ ಜಾರುತ್ತದೆ, ಸಲೀಸಾಗಿ ಹರಡುತ್ತದೆ. ಹೆಚ್ಚಾದ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಅದು ಕೂತಿದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ.

ನಾನು 15 ಲೀಟರಿನ ಎರಡು ಬಕೆಟಿಗೆ ಒಳಗಡೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಮಿಕ್ಸರ್ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತೆ. ಹನ್ನೊಂದು ಗಂಟೆಯ ಹೊತ್ತಿಗೆ ಮೇಸ್ತ್ರಿ ಬಂದ. "ಮೇಡಂ, ಬಿಸಿಲು ಜಾಸ್ತಿ ಇದೆ, ನೀವು ನೆರಳಿಗೆ ಹೋಗಿ, ನಾನು ನೋಡಿಕೊಳ್ಳುತ್ತೇನೆ" ಎಂದ. "ನನಗೆ ಬಿಸಿಲು ಅಭ್ಯಾಸ" ಎಂದೆ. ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸಂಜೆಯವರೆಗೂ ಇಬ್ಬರೂ ಪರಸ್ಪರ ಬಹಳ ಮರ್ಯಾದೆಯಿಂದ ನಡೆದುಕೊಂಡೆವು.

ಈ ವಿಚಾರದಲ್ಲಿ ತಮ್ಮನ ಮನೆ ನನ್ನದಕ್ಕಿಂತ ಮೇಲು, ಒಪ್ಪಿಕೊಳ್ಳುತ್ತೇನೆ. ಅಲ್ಲಿಗೆ ಬಂದದ್ದು ರೆಡಿಮಿಕ್ಸ್. ಸ್ಥಾವರದಲ್ಲಿ ತೂಕ ಮಾಡಿ ಕಲಸಿದ್ದು, ಬಾಣಲೆ ಅಳತೆಯದ್ದಲ್ಲ. ಪಂಪಿನಿಂದ ಏರಿಸಿ, ವೈಬ್ರೇಟರ್ ಹಾಕಿ ಕೂರಿಸಿದ್ದು. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ರೆಡಿಮಿಕ್ಸ್ ಲಾರಿಯ ಚಲನ್ ಮೇಲೆ ಕಾಂಕ್ರೀಟ್ ತುಂಬಿದ ಹೊತ್ತು ನಮೂದಾಗಿರುತ್ತದೆ. ತುಂಬಿದ ಎರಡು ಗಂಟೆಯೊಳಗೆ ಸುರಿದು ಮುಗಿಸಬೇಕೆಂಬುದು ಭಾರತೀಯ ಮಾನಕದ ನಿಯಮ. ಸರ್ಜಾಪುರ ರಸ್ತೆಯ ಸಂಜೆಯ ದಟ್ಟಣೆ ಕಂಡವರಿಗೆ ಎರಡು ಗಂಟೆ ಎಷ್ಟು ಬೇಗ ಕಳೆಯುತ್ತದೆಂದು ಹೇಳಬೇಕಿಲ್ಲ. ತಡವಾಗಿ ಬಂದು ಬಿಗಿದುಕೊಂಡ ಕಾಂಕ್ರೀಟಿಗೆ ಸೈಟಿನಲ್ಲಿ ಪೈಪ್ ಹಿಡಿದು ನೀರು ಬಿಟ್ಟರೆ ಸ್ಥಾವರದ ತೂಕವೆಲ್ಲ ವ್ಯರ್ಥ. ಮುಂಗಡ ಕೊಟ್ಟು ಮನೆ ಇನ್ನೂ ಏಳುತ್ತಿರುವಾಗಲೇ ಒಂದು ದಿನ ಹೇಳದೆ ಹೋಗಿ ಲಾರಿಯ ಹಿಂಭಾಗದಲ್ಲಿ ನಿಲ್ಲಿ. ಯಾರಾದರೂ ಗದರಿಸಿದರೆ, ಗದರಿಸಿದ್ದೇ ಒಂದು ಉತ್ತರ.

ಕಾಂಕ್ರೀಟ್ ಬೀಳುವ ಮೊದಲು ಕಂಬಿ ನೋಡಿ. ಕಂಬಿಯ ತೂಕ ಪರೀಕ್ಷಿಸಲು ಅಂಗಡಿ ತಕ್ಕಡಿ ಸಾಕು. ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 8 ಮಿ.ಮೀ. ಕಂಬಿ ಮೀಟರಿಗೆ 395 ಗ್ರಾಂ, 12 ಮಿ.ಮೀ. ಕಂಬಿ 888 ಗ್ರಾಂ ತೂಗಬೇಕು. ಸ್ವಲ್ಪ ಹೆಚ್ಚುಕಡಿಮೆಗೆ ಮಾನಕದಲ್ಲೇ ಅವಕಾಶವಿದೆ, ಆದರೆ ಹತ್ತಕ್ಕೆ ಒಂದು ಪಾಲು ಕಡಿಮೆ ಬಂದರೆ ಲಾರಿ ವಾಪಸು ಕಳಿಸಿ. ಕಂಬಿ ತಳಕ್ಕೆ ತಾಗದಂತೆ ಎತ್ತಿ ಹಿಡಿಯುವ ಕವರ್ ಬ್ಲಾಕ್ ಅದರ ಕೆಳಗೆ ಇದೆಯೇ ನೋಡಿ. ಮೋಲ್ಡಿಗೆ 20 ಮಿ.ಮೀ., ಪಿಲ್ಲರಿಗೆ 40, ಪಾಯಕ್ಕೆ 50. ಜಲ್ಲಿ ಚೂರನ್ನು ತುರುಕಿ "ಎಲ್ಲ ಕಡೆ ಹೀಗೇ ಮಾಡುವುದು" ಎನ್ನುತ್ತಾರೆ. ಹತ್ತು ವರ್ಷದ ನಂತರ ಸೂರಿನ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಇಣುಕುವುದೂ ಎಲ್ಲ ಕಡೆಯೇ.

ಬಾಲ್ಕನಿ, ಸಜ್ಜಾಗಳ ಬಗ್ಗೆ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಇದರಲ್ಲಿ ನನಗೇ ಪೆಟ್ಟು ಬಿದ್ದಿದೆ. ಒಂದೇ ಬದಿಯಲ್ಲಿ ಹಿಡಿತವಿದ್ದು ಗಾಳಿಯಲ್ಲಿ ಚಾಚಿಕೊಂಡಿರುವ ಭಾಗದಲ್ಲಿ ಮುಖ್ಯ ಕಂಬಿ ಮೇಲುಗಡೆ ಇರಬೇಕು, ಜಗ್ಗುವ ಬಲ ಅಲ್ಲಿರುತ್ತದೆ. ಕಂಬಿ ಕಟ್ಟುವವನು ಸರಿಯಾಗಿಯೇ ಕಟ್ಟಿರುತ್ತಾನೆ. ಆಮೇಲೆ ಕಾಂಕ್ರೀಟ್ ಹೊರುವವರು ಅದರ ಮೇಲೆ ನಡೆದಾಡುತ್ತಾರೆ, ಕಂಬಿ ತಳಕ್ಕೆ ಕೂರುತ್ತದೆ, ಮೇಲೆ ಕಾಂಕ್ರೀಟ್ ಮುಚ್ಚುತ್ತದೆ. ಹೊರಗಿನಿಂದ ಎಲ್ಲ ಚೆಂದ. ನನ್ನ ಮನೆಯ ಪೂರ್ವದ ಕಿಟಕಿಯ ಸಜ್ಜಾ ಎರಡನೇ ಮಳೆಗಾಲಕ್ಕೆ ಗೋಡೆಯ ಬುಡದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ಒಡೆಸಿ ನೋಡಿದರೆ ಕಂಬಿಯೆಲ್ಲ ತಳ ಹಿಡಿದು ಮಲಗಿತ್ತು. ದಿನಚರಿ ತೆಗೆದು ಅದನ್ನು ಹಾಕಿದ ತಾರೀಕು ನೋಡಿದೆ. ಆ ಪುಟದಲ್ಲಿ ನನ್ನದೇ ಅಕ್ಷರ: "ಪರೀಕ್ಷಾ ಡ್ಯೂಟಿ. ಸೈಟಿಗೆ ಹೋಗಲಿಲ್ಲ." ಇಪ್ಪತ್ತಾರು ವರ್ಷ ಪಾಠ ಹೇಳಿದವಳ ಮನೆಯ ಸಜ್ಜಾ! ನಾಲ್ಕು ಹಲಗೆ ಹಾಕಿಸಿ ಅದರ ಮೇಲೆ ಓಡಾಡಿ ಎಂದಿದ್ದರೆ, ಕಂಬಿಯ ಕೆಳಗೆ ಕುರ್ಚಿಯಂತೆ ಬಗ್ಗಿಸಿದ ಆಧಾರ ಇಡಿಸಿದ್ದರೆ ಸಾಕಿತ್ತು.

ಕಟ್ಟಿಸುವವರು ಆದ್ದರಿಂದ ದಿನಚರಿ ಇಡಲೇಬೇಕು. ಯಾವ ದಿನ ಏನು ಕೆಲಸ, ಎಷ್ಟು ಮೂಟೆ, ಮಳೆ ಬಂತೇ, ನೀವು ಇದ್ದಿರೇ. ಮುಚ್ಚಿಹೋಗುವ ಪ್ರತಿಯೊಂದನ್ನೂ, ಕಂಬಿ, ಪೈಪು, ಪಾಯ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗಲೂ ಅದು ಉಪಕಾರಕ್ಕೆ ಬರುತ್ತದೆ.

ಗೋಡೆ

ತಮ್ಮನ ಮನೆಯಲ್ಲಿ ಇಟ್ಟಿಗೆಯೇ ಇಲ್ಲ. ಅಲ್ಯೂಮಿನಿಯಂ ಹಲಗೆಗಳ ಅಚ್ಚು ನಿಲ್ಲಿಸಿ ಗೋಡೆ, ಮೋಲ್ಡ್ ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ದದ್ದು. ತೂಗುಗುಂಡು ಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ವಾಲಿಲ್ಲ. ಕೋಣೆಯ ಮೂಲೆಯಿಂದ ಮೂಲೆಗೆ ಅಡ್ಡ ಅಳೆದರೆ ಎರಡೂ ಕರ್ಣ ಸಮ. ನನ್ನ ಮನೆಯ ಹಜಾರದಲ್ಲಿ ಆ ವ್ಯತ್ಯಾಸ ಮುಕ್ಕಾಲು ಇಂಚು ಇದೆ. ಟೈಲ್ಸ್ ಹಾಕಿದವನು ಬಾಗಿಲ ಹಿಂದೆ ಅದನ್ನು ಮುಚ್ಚಿಟ್ಟಿದ್ದಾನೆ. ಅಚ್ಚಿನ ಮನೆಯ ತೊಂದರೆ ಬೇರೆ ಕಡೆ ಇದೆ. ಪಶ್ಚಿಮದ ಕೋಣೆ ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತದೆ. ಅಪ್ಪನ ಫೋಟೊ ಹಾಕಲು ಡ್ರಿಲ್ ಯಂತ್ರದವನನ್ನು ಕರೆಸಬೇಕಾಯಿತು. ನಾಳೆ ಅಡುಗೆಮನೆ ದೊಡ್ಡದು ಮಾಡೋಣ ಎಂದರೆ ಗೋಡೆ ಒಡೆಯುವ ಹಾಗಿಲ್ಲ, ಆ ಗೋಡೆಯೇ ಮನೆಯನ್ನು ಹೊತ್ತಿದೆ.

ಬ್ಲಾಕ್ ಅಥವಾ ಇಟ್ಟಿಗೆಯ ಗೋಡೆಯಾದರೆ ಸಾಮಾನು ಬಂದ ದಿನವೇ ನೋಡಬೇಕು. ಒಳ್ಳೆಯ ಸುಟ್ಟ ಇಟ್ಟಿಗೆ ಎರಡನ್ನು ತಾಡಿಸಿದರೆ ಗಂಟೆಯ ಹಾಗೆ ಟಣ್ಣೆನ್ನುತ್ತದೆ, ಸೊಂಟದೆತ್ತರದಿಂದ ಬಿಟ್ಟರೆ ಒಡೆಯುವುದಿಲ್ಲ, ಉಗುರಿನ ಗೀರು ಬೀಳುವುದಿಲ್ಲ. ಕಾಂಕ್ರೀಟ್ ಬ್ಲಾಕಿನ ಕಥೆ ಬೇರೆ. ಅಚ್ಚು ಹಾಕಿ 28 ದಿನ ಆಗದ ಹಸಿ ಬ್ಲಾಕನ್ನು ಬೇಡಿಕೆ ಹೆಚ್ಚಿದ್ದಾಗ ಲಾರಿಗೆ ತುಂಬಿ ಕಳಿಸಿಬಿಡುತ್ತಾರೆ. ಅದು ಗೋಡೆಯಾದ ಮೇಲೆ ಒಣಗುತ್ತ ಕುಗ್ಗುತ್ತದೆ, ಗಾರೆ ಸೀಳುತ್ತದೆ. ಜನ ಪಾಯ ಕುಸಿಯಿತೆಂದು ಗಾಬರಿಯಾಗಿ ನನಗೆ ಫೋನ್ ಮಾಡುತ್ತಾರೆ. ಬ್ಲಾಕಿನ ಅಂಚನ್ನು ಬೀಗದ ಕೈಯಿಂದ ಉಜ್ಜಿ. ಸಕ್ಕರೆಯಂತೆ ಉದುರಿದರೆ ಹಸಿ ಅಥವಾ ಸಿಮೆಂಟ್ ಸಾಲದ್ದು. ಇನ್ನೊಂದು: ಇಟ್ಟಿಗೆಯನ್ನು ಕಟ್ಟುವ ಮೊದಲು ನೀರಲ್ಲಿ ನೆನೆಸಬೇಕು, ಕಾಂಕ್ರೀಟ್ ಬ್ಲಾಕನ್ನು ನೆನೆಸಬಾರದು, ಮೇಲ್ಮೈಗೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು. ನಮ್ಮ ಗಾರೆಯವರು ಎರಡಕ್ಕೂ ಒಂದೇ ಮಂತ್ರ ಹೇಳುತ್ತಾರೆ.

ಮರಳಿಗೆ ಹಾರ್ಲಿಕ್ಸ್ ಬಾಟಲಿ. ಅರ್ಧ ಮರಳು, ಮೇಲೆ ಚಿಟಿಕೆ ಉಪ್ಪು ಹಾಕಿದ ನೀರು, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮರಳಿನ ಮೇಲೆ ಕೆನೆಯಂತೆ ಕೂತ ಮಣ್ಣಿನ ಪದರ ಮರಳಿನ ಎತ್ತರದ ಶೇ 8 ದಾಟಿದರೆ ಬೇಡ ಎನ್ನಿ. ಇದು ನದಿ ಮರಳಿನ ಲೆಕ್ಕ. ಕಲ್ಲು ಒಡೆದು ಮಾಡುವ ಎಂ-ಸ್ಯಾಂಡಿನಲ್ಲಿ ಕಲ್ಲುಪುಡಿ ಸ್ವಲ್ಪ ಹೆಚ್ಚಿರುವುದು ಸಹಜ. ಆದರೆ ಕ್ವಾರಿ ಧೂಳನ್ನೇ ಎಂ-ಸ್ಯಾಂಡ್ ಎಂದು ಮಾರುವವರಿದ್ದಾರೆ. ಅಂಗೈಯಲ್ಲಿ ತಿಕ್ಕಿ ಕೊಡವಿದಾಗ ಕೈ ಗೋಧಿಹಿಟ್ಟು ಮುಟ್ಟಿದಂತೆ ಬೆಳ್ಳಗೆ ಉಳಿದರೆ ಅನುಮಾನಿಸಿ.

ಪಿಲ್ಲರ್, ಬೀಮು ಮತ್ತು ಗೋಡೆ ಸೇರುವ ಗೆರೆಯ ಮೇಲೆ ಗಾರೆಗೆ ಮೊದಲು ಕೋಳಿಬಲೆ ಹೊಡೆಸಿ. ಎರಡು ಬೇರೆ ವಸ್ತುಗಳು ಬಿಸಿಲಿಗೆ ಬೇರೆ ಬೇರೆ ಹಿಗ್ಗುವ ಜಾಗ ಅದು. ಸ್ವಂತ ಕಟ್ಟಿಸುವವರು ಉಳಿಸುವ ಮೊದಲ ಖರ್ಚು ಇದೇ.

ನೀರುಣಿಸುವುದು

ಇಲ್ಲಿ ಗೆದ್ದದ್ದು ನಾನು. ತಾರಸಿಯ ಮೇಲೆ ಪಾತಿ ಕಟ್ಟಿಸಿ ಎರಡು ವಾರ ನೀರು ನಿಲ್ಲಿಸಿದೆ, ಪಿಲ್ಲರುಗಳಿಗೆ ಗೋಣಿತಾಟು ಸುತ್ತಿಸಿ ಬೆಳಿಗ್ಗೆ ಆರಕ್ಕೊಮ್ಮೆ, ಕಾಲೇಜಿನಿಂದ ಬಂದು ಸಂಜೆಗೊಮ್ಮೆ ತೋಯಿಸಿದೆ. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ಕಾಂಕ್ರೀಟ್ ಒಣಗಬಾರದು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿಯೇ. ಸೆಂಟ್ರಿಂಗ್ ಬಿಚ್ಚುವುದಕ್ಕೂ ಅವಸರ ಬೇಡ. 4.5 ಮೀಟರ್‌ವರೆಗಿನ ಮೋಲ್ಡಿನ ಆಸರೆಗೆ ಮಾನಕ ಹೇಳುವುದು 7 ದಿನ, ಅದಕ್ಕಿಂತ ಅಗಲವಾದರೆ 14. ಅದು ಸಾಮಾನ್ಯ ಸಿಮೆಂಟಿನ ಲೆಕ್ಕ. ಪಿಪಿಸಿ ಬಳಸಿದ್ದರಿಂದ ನಾನು ಇನ್ನೊಂದು ವಾರ ತಡೆದೆ, ಸೆಂಟ್ರಿಂಗ್ ಬಾಡಿಗೆಯವನು ದಿನಾ ಫೋನ್ ಮಾಡಿದರೂ.

ತಮ್ಮನ ಬಡಾವಣೆಯಲ್ಲಿ ಹತ್ತಾರು ಮನೆಗಳ ಗೋಡೆಗೆ ಪೈಪ್ ಹಿಡಿಯಲು ಒಬ್ಬನೋ ಇಬ್ಬರೋ, ನೀರು ಟ್ಯಾಂಕರಿನದು. ನೇರ ನಿಂತ ಕಾಂಕ್ರೀಟ್ ಗೋಡೆಯ ಮೇಲೆ ನೀರು ನಿಲ್ಲುವುದೂ ಇಲ್ಲ. ತೇವ ಹಿಡಿದಿಡುವ ದ್ರಾವಣವನ್ನು ಸಿಂಪಡಿಸಿದ್ದೇವೆ ಎಂದರು. ಸಿಂಪಡಿಸಿದ್ದರೆ ಒಳ್ಳೆಯದು. ಮುಗಿದ ಮನೆಯಲ್ಲಿ ಇದನ್ನು ಪತ್ತೆ ಮಾಡುವುದು ಕಷ್ಟ. ಬಣ್ಣದಡಿಯಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಗೋಡೆ ತುಂಬ ಇದ್ದರೆ ನೀರು ಸಾಲಲಿಲ್ಲವೆಂದು ಊಹಿಸಬಹುದು.

ಕಟ್ಟಿ ಮಾರುವ ಮನೆ

ಇವೆರಡರ ನಡುವೆ ಮೂರನೆಯದೊಂದು ಜಾತಿಯಿದೆ, ಮೈಸೂರಿನ ಹೊಸ ಬಡಾವಣೆಗಳಲ್ಲಿ ಹೇರಳ. ಒಬ್ಬ 30×40 ಸೈಟ್ ಕೊಂಡು ಡ್ಯೂಪ್ಲೆಕ್ಸ್ ಎಬ್ಬಿಸಿ, ಎಲಿವೇಷನ್ನಿಗೆ ಬಣ್ಣದ ಕಲ್ಲು ಅಂಟಿಸಿ, ದೀಪ ಹಾಕಿ ಮಾರುತ್ತಾನೆ. ನೋಡಲು ಅದು ಸ್ವಂತ ಕಟ್ಟಿಸಿದ ಮನೆಯಂತೆ ಒಂಟಿ, ಆದರೆ ಕಟ್ಟುವಾಗ ನಿಂತು ನೋಡಿದ ಮನೆಯೊಡೆಯನಿಲ್ಲ. ದೋಷ ಹೋಲಿಸಿ ನೋಡಲು 64 ಅಣ್ಣತಮ್ಮಂದಿರೂ ಇಲ್ಲ. ಮೇಲಾಗಿ, 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮೀರದ ಮನೆಗಳ ಯೋಜನೆಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ, ನೋಂದಣಿ ಬೇಕಿಲ್ಲ. 30×40 ಸೈಟ್ ಎಂದರೆ 111 ಚದರ ಮೀಟರ್ ಚಿಲ್ಲರೆ. ಲೆಕ್ಕ ನೀವೇ ಹಾಕಿ. ಇಂಥ ಮನೆ ಕೊಳ್ಳಲೇಬೇಕೆಂದರೆ ಅದೇ ಮನುಷ್ಯ ನಾಲ್ಕೈದು ವರ್ಷ ಹಿಂದೆ ಮಾರಿದ ಮನೆಯ ವಿಳಾಸ ಕೇಳಿ. ಕೊಡದಿದ್ದರೆ ಬೇರೆ ಮನೆ ನೋಡಿ.

ಮುಗಿದ ಮನೆಯೊಳಗೆ

ನನ್ನ ಚೀಲದಲ್ಲಿರುವುದು: ಐದು ರೂಪಾಯಿ ನಾಣ್ಯ, ಒಂದು ಗೋಲಿ, ತೂಗುಗುಂಡು, ಟೇಪು, ಟಾರ್ಚು, ಪೆನ್ಸಿಲ್. ತೆಂಗಿನಕಾಯಿ ಬಡಿದು ಕೊಳ್ಳುವವರಿಗೆ ಗಾರೆ, ಟೈಲ್ಸ್ ಪರೀಕ್ಷೆ ಹೇಳಿಕೊಡಬೇಕಿಲ್ಲ. ನಾಣ್ಯದಿಂದ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಗುರುತು ಹಾಕಿ. ರಾತ್ರಿ ದೀಪ ಆರಿಸಿ ಟಾರ್ಚನ್ನು ಗೋಡೆಗೆ ಒತ್ತಿ ಅಡ್ಡ ಬೆಳಕು ಬಿಟ್ಟರೆ ಹಗಲು ಕಾಣದ ಉಬ್ಬುತಗ್ಗು ಕಾಣುತ್ತವೆ. ಬಚ್ಚಲಲ್ಲಿ ಗೋಲಿ ಬಿಡಿ, ಅದು ಜಾಲರಿಯತ್ತ ಉರುಳಬೇಕು, ಬಾಗಿಲತ್ತ ಅಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಕು ಬರೆಯಿರಿ. ಮೂರು ತಿಂಗಳಲ್ಲಿ ಗೆರೆ ದಾಟಿದರೆ ಎಂಜಿನಿಯರನ್ನು ಕರೆಸಿ. ವಿದ್ಯುತ್ ಪೆಟ್ಟಿಗೆಯಲ್ಲಿ ಟಿ ಎಂದು ಬರೆದ ಗುಂಡಿ ಒತ್ತಿ, ಕೂಡಲೇ ಕರೆಂಟ್ ಕಡಿಯದಿದ್ದರೆ ಆಘಾತ ತಡೆಯುವ ಉಪಕರಣ ಕೆಲಸ ಮಾಡುತ್ತಿಲ್ಲ.

ಬಿಲ್ಡರ್ ಮನೆಯಾದರೆ ಇವೆಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಪಕ್ಕದ ಮನೆಯ ಕಾಫಿ. ತಮ್ಮನ ಮನೆಯ ಊಟದ ಕೋಣೆಯ ಸೂರಿನಲ್ಲಿ ಒಂದು ಮೂಲೆ ಹಳದಿಯಾಗಿತ್ತು. ಅವನು ನಿರ್ವಹಣಾ ಕಚೇರಿಗೆ ಮೂರು ಸಲ ಹೋದ. "ನಿಮ್ಮ ಮನೆಯವರು ಮೇಲಿನ ಬಚ್ಚಲಲ್ಲಿ ನೀರು ಜಾಸ್ತಿ ಬಳಸುತ್ತಾರೆ" ಎಂದರಂತೆ. ನಾನು ಹೋದ ಭಾನುವಾರ ಅದೇ ಸಾಲಿನ ನಾಲ್ಕು ಮನೆಗಳಿಗೆ ಹೋಗಿ ಪರಿಚಯ ಹೇಳಿಕೊಂಡೆ. ಕನ್ನಡದವರು ಇಬ್ಬರು, ಒಬ್ಬರು ಒಡಿಶಾದವರು, ಒಬ್ಬರು ಮಲಯಾಳಿ. ನಾಲ್ಕರಲ್ಲಿ ಮೂರು ಮನೆಯ ಊಟದ ಕೋಣೆಯಲ್ಲಿ, ಅದೇ ಮೂಲೆಯಲ್ಲಿ, ಅದೇ ಹಳದಿ. ಒಬ್ಬರು ಅದರ ಮೇಲೆ ಗಣಪತಿ ಚಿತ್ರ ಅಂಟಿಸಿದ್ದರು. ಮೇಲಿನ ಬಚ್ಚಲಿನ ಕೊಳಾಯಿ ಪೈಪ್ ಮೋಲ್ಡನ್ನು ತೂರಿ ಇಳಿಯುವ ಜಾಗವನ್ನು ಎಲ್ಲ ಮನೆಯಲ್ಲೂ ಒಂದೇ ತಂಡ ಒಂದೇ ರೀತಿ ಅರೆಬರೆ ಮುಚ್ಚಿತ್ತು. ಬಚ್ಚಲಿನ ಜಾಲರಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಟ್ಟೆವು, ಕೆಳಗೆ ಹನಿ ಬಿತ್ತು. ನಾಲ್ಕು ಮನೆಯವರು ಒಟ್ಟಿಗೆ ಸಹಿ ಮಾಡಿ ಕೊಟ್ಟ ಪತ್ರಕ್ಕೆ "ನೀರು ಜಾಸ್ತಿ ಬಳಸುತ್ತಾರೆ" ಎಂಬ ಉತ್ತರ ಬರಲಿಲ್ಲ.

ಕೊಳ್ಳುವ ಮೊದಲೇ ಇದನ್ನು ಮಾಡಿ. ಅದೇ ಬಡಾವಣೆಯಲ್ಲಿ ಜನ ವಾಸಕ್ಕೆ ಬಂದು ಎರಡು ಮಳೆಗಾಲ ಕಳೆದ ಮನೆ, ನಿಮ್ಮದೇ ನಕ್ಷೆಯದು, ಹುಡುಕಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಬಿದ್ದ ವಾರ ಹೋದರೆ ಹೆಚ್ಚು ಕಲಿಯುತ್ತೀರಿ. ಮಾದರಿ ಮನೆ ನೋಡಿ ಏನೂ ಪ್ರಯೋಜನವಿಲ್ಲ, ಅದು ಮದುವೆ ಹೆಣ್ಣಿನ ಫೋಟೊ.

ನೆಲದ ಬಗ್ಗೆ ಒಂದು ಮಾತು. ಇಳಿಜಾರು ಜಾಗವನ್ನು ಸಮ ಮಾಡಿ ಬಡಾವಣೆ ಮಾಡುವಾಗ ಮೇಲಿನ ಅರ್ಧ ಅಗೆದ ಗಟ್ಟಿ ನೆಲ, ಕೆಳಗಿನ ಅರ್ಧ ತುಂಬಿದ ಮಣ್ಣು. ನಕ್ಷೆ, ಬೆಲೆ ಎಲ್ಲ ಒಂದೇ, ನಿಂತ ನೆಲ ಬೇರೆ. ನಿಮ್ಮ ಮನೆ ಯಾವ ಅರ್ಧದಲ್ಲಿದೆ ಎಂದು ಕೇಳಿ, ಹಳೆಯ ಗ್ರಾಮನಕ್ಷೆಯಲ್ಲಿ ಹಳ್ಳ, ಕೆರೆ ಅಲ್ಲಿ ಹಾದಿತ್ತೇ ನೋಡಿ. ಸ್ವಂತ ಕಟ್ಟಿಸುವವರು ಪಾಯದ ಗುಂಡಿಯೊಳಗೆ ಇಳಿದು ನೋಡಬಹುದು. ಕಪ್ಪು ಎರೆಮಣ್ಣು ಕಂಡರೆ ಮೇಸ್ತ್ರಿಯ ಮಾತಿನ ಮೇಲೆ ಪಾಯ ಹಾಕಿಸಬೇಡಿ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಸೀಳುವ ಮಣ್ಣು, ಎಂಜಿನಿಯರ್ ಲೆಕ್ಕ ಬೇಕು.

ಕಾಗದ

ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆ, ಕೆಲಸದ ಗುಣಮಟ್ಟದ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಆತ 30 ದಿನದೊಳಗೆ ಹಣ ಕೇಳದೆ ಸರಿಪಡಿಸಬೇಕು. ಬಾಯಿಮಾತಿನ ದೂರು ಬೇಡ. ತಾರೀಕು ಹಾಕಿ, ಫೋಟೊ ಲಗತ್ತಿಸಿ, ಸ್ವೀಕೃತಿ ಪಡೆಯಿರಿ.

ಸ್ವಂತ ಕಟ್ಟಿಸುವವರಿಗೆ ಈ ಆಸರೆಯಿಲ್ಲ, ಕರಾರು ಪತ್ರವೇ ಆಸರೆ. ಸಿಮೆಂಟ್ ದರ್ಜೆ, ಕಂಬಿ ದರ್ಜೆ, ಕಾಂಕ್ರೀಟ್ ದರ್ಜೆ, ಕ್ಯೂಬ್ ಪರೀಕ್ಷೆ, ನೀರುಣಿಸುವ ದಿನಗಳು, ಎಲ್ಲವನ್ನೂ ಅದರಲ್ಲಿ ಬರೆಯಿರಿ. ಪ್ರತಿ ಕಂತಿನಲ್ಲಿ ಶೇ 5 ಹಿಡಿದಿಟ್ಟು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಸಹಿ ಹಾಕಿಸಿ. ಮೇಸ್ತ್ರಿ ಮುನಿಸಿಕೊಳ್ಳುತ್ತಾನೆ; ನನ್ನವನೂ ಎರಡು ದಿನ ಮುನಿಸಿಕೊಂಡಿದ್ದ. ಆ ಹಣದಿಂದಲೇ ನನ್ನ ಸಜ್ಜಾ ಮತ್ತೆ ಹಾಕಿಸಿದ್ದು. ವಿಷಯ ಕೈಮೀರಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯ ವ್ಯಾಖ್ಯೆಯಲ್ಲೇ ಬರುತ್ತದೆ, ಗುತ್ತಿಗೆದಾರನ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಬಹುದು.

ತಮ್ಮನ ಐದು ವರ್ಷ 2026ರ ನವೆಂಬರ್‌ಗೆ ತುಂಬುತ್ತದೆ. "ಅಕ್ಕ, ಈ ಮುಂಗಾರು ಕಳೆದ ಮೇಲೆ ಒಮ್ಮೆ ಬಂದು ಎಲ್ಲ ನೋಡಿ ಪಟ್ಟಿ ಮಾಡಿಕೊಡು" ಎಂದಿದ್ದಾನೆ. ಕಳೆದ ಮೇಲೆ ಅಲ್ಲ, ಮಳೆ ಸುರಿಯುತ್ತಿರುವಾಗಲೇ ಬರುತ್ತೇನೆ, ಆ ಗಣಪತಿ ಚಿತ್ರದವರಿಗೂ ಹೇಳಿಡು ಎಂದಿದ್ದೇನೆ.